ಶನಿವಾರದ ಕಟ್ಟು

ಮುಳಬಾಗಿಲಿನ ವೆಂಕಟರಮಣನಿಗೆ ಅಂಗಡಿಯವರ ತೆರಿಗೆ ಲೆಕ್ಕ ಬರೆಯುವುದು ಹೊಟ್ಟೆಪಾಡು, ಊರವರನ್ನೆಲ್ಲ ಒಂದೆಡೆ ಸೇರಿಸುವುದು ಚಟ. ಹಿಂದೆ ಈ ಚಟ ಹಳೆ ವಿದ್ಯಾರ್ಥಿಗಳ ಸಂಘ, ವರ್ಷಕ್ಕೊಂದು ಊಟ ಎಂದು ಸಣ್ಣಪುಟ್ಟದರಲ್ಲೇ ತೀರುತ್ತಿತ್ತು. ಆಫೀಸಿಗೆ ಕಂಪ್ಯೂಟರ್ ಬಂದ ಮೇಲೆ ಅವನನ್ನು ಹಿಡಿಯುವವರೇ ಇಲ್ಲವಾದರು. 'ನಮ್ಮ ಸೀಮೆ' ಎಂಬ ಹೆಸರಿನಲ್ಲಿ ಒಂದು ಇ-ಮೇಲ್ ಗುಂಪು ಕಟ್ಟಿದ. ಕೋಲಾರದ ಲೆಕ್ಚರರುಗಳು, ಮಾಲೂರಿನ ಹೆಂಚಿನ ಕಾರ್ಖಾನೆಯವರು, ಶ್ರೀನಿವಾಸಪುರದ ಮಾವಿನ ಮಂಡಿಯವರು, ಎಲ್ಲರೂ ಬಂದು ಸೇರಿದರು. ಯಾರೇ ಒಂದು ಮೇಲ್ ಬರೆದರೂ ಅದು ಎಲ್ಲರಿಗೂ ಹೋಗುತ್ತಿತ್ತು. ಆದರೆ ಹೋಗುವ ಮುಂಚೆ ವೆಂಕಟರಮಣ ಅದನ್ನು ನೋಡಿ, ಆಗಬಹುದು ಎಂದು ಒಂದು ಗುಂಡಿ ಒತ್ತಬೇಕಿತ್ತು. ಆ ಗುಂಡಿ ಒತ್ತುವಾಗ ಅವನ ಮುಖದಲ್ಲಿ ಮೂಡುತ್ತಿದ್ದ ಗಾಂಭೀರ್ಯವನ್ನು ನೋಡಿದರೆ ಯಾವ ಜಡ್ಜಿಗಾದರೂ ನಾಚಿಕೆಯಾಗಬೇಕು.

ಇಷ್ಟಾದರೂ ಅವನಿಗೆ ಸಮಾಧಾನವಿರಲಿಲ್ಲ. ಕಂಪ್ಯೂಟರ್ ಇಲ್ಲದ ಗೆಳೆಯರು ಏನು ಮಾಡಬೇಕು? ಅದಕ್ಕೂ ಒಂದು ದಾರಿ ಹುಡುಕಿದ. ವಾರವಿಡೀ ಬಂದ ಮೇಲ್‌ಗಳಲ್ಲಿ ಒಳ್ಳೆಯವನ್ನು ಆರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಬಂದ ಕನ್ನಡವನ್ನು ತಾನೇ ಕೂತು ಕನ್ನಡಕ್ಕೆ ಟೈಪ್ ಮಾಡಿ, ಪ್ರಿಂಟು ತೆಗೆದು, ಜೆರಾಕ್ಸ್ ಮಾಡಿಸಿ, ದಾರ ಕಟ್ಟಿ, ಶನಿವಾರ ಬೆಳಿಗ್ಗೆ ಖಾಸಗಿ ಬಸ್ಸುಗಳ ಕಂಡಕ್ಟರುಗಳ ಕೈಗೆ ಕೊಡುತ್ತಿದ್ದ. ಕಂಡಕ್ಟರುಗಳು ಮಲ್ಲಿಗೆ ಹೂವಿನ ಕುಕ್ಕೆ, ಔಷಧಿ ಪೊಟ್ಟಣಗಳ ಜೊತೆ ಇದನ್ನೂ ಊರೂರಿಗೆ ಇಳಿಸಿ ಹೋಗುತ್ತಿದ್ದರು. ಯಾರದೋ ಮಗಳ ಮದುವೆ, ಯಾರಿಗೋ ಬಡ್ತಿ, ಟೊಮೇಟೊ ಧಾರಣೆ, ಕೊನೆಯ ಪುಟದಲ್ಲಿ 'ನಗೆಹನಿ'. ಜನ ಮೊದಲು ತಿರುವುತ್ತಿದ್ದುದು ಕೊನೆಯ ಪುಟವನ್ನೇ. ಅದನ್ನು ಬರೆಯುತ್ತಿದ್ದವನು ವೆಂಕಟರಮಣನ ಹೆಂಡತಿ ಜಾನಕಮ್ಮನ ತಮ್ಮ ಸುಮಧ್ವ. ಕೋಲಾರದ ಬ್ಯಾಂಕೊಂದರಲ್ಲಿ ಗುಮಾಸ್ತ. ಮಾತಿಗೆ ಮುಂಚೆ ಜೋಕು, ಊಟಕ್ಕೆ ಕೂತರೂ ಜೋಕು.

ಎರಡು ಸಾವಿರದ ಐದರ ದಸರೆಯ ಹೊತ್ತಿಗೆ ಕಾಶ್ಮೀರದಲ್ಲಿ ಭೂಕಂಪವಾಯಿತು. ಗಡಿಯಾಚೆ ಪಾಕಿಸ್ತಾನದ ಕಡೆ ಊರಿಗೆ ಊರೇ ಕುಸಿದವು. ಟೀವಿಯಲ್ಲಿ ದಿನವಿಡೀ ಅದೇ. ಎರಡು ದಿನ ಕಳೆದು ಸುಮಧ್ವನ ಮೇಲ್ ಬಂತು.

"ಕಾಶ್ಮೀರದ ಮಣ್ಣು ನಮಗೆ ಬೇಕು, ನಮಗೆ ಬೇಕು ಎಂದು ಪಾಕಿಸ್ತಾನದವರು ಐವತ್ತು ವರ್ಷದಿಂದ ಹಟ ಹಿಡಿದಿದ್ದರು. ಕೇಳಿ ಕೇಳಿ ಸಾಕಾದ ಭೂಮಿತಾಯಿ, ತಗೊಳ್ರಪ್ಪ ಎಂದು ಎಲ್ಲರ ತಲೆಯ ಮೇಲೂ ಮಣ್ಣು ಸುರಿದಳು."

ವೆಂಕಟರಮಣ ನಕ್ಕ. ನಕ್ಕು ಗುಂಡಿ ಒತ್ತಿದ. ಅವನೇನೂ ಕಲ್ಲು ಮನಸ್ಸಿನವನಲ್ಲ. ಹಿಂದಿನ ರಾತ್ರಿ ಟೀವಿಯಲ್ಲಿ ಒಂದು ಮಗುವನ್ನು ಕಲ್ಲುಗಳ ನಡುವಿನಿಂದ ತೆಗೆಯುವುದನ್ನು ನೋಡಿ 'ಪಾಪ' ಎಂದಿದ್ದವನೇ. ಆದರೆ ಆ ಪಾಪ ಬೇರೆ ಕೋಣೆಯಲ್ಲಿತ್ತು, ಈ ನಗು ಬೇರೆ ಕೋಣೆಯಲ್ಲಿತ್ತು. ನಮ್ಮ ನಿಮ್ಮ ತಲೆಯೊಳಗೂ ಇಂಥ ಕೋಣೆಗಳಿಗೆ ಬರವಿಲ್ಲ.

ಮೊದಲು ಹತ್ತಾರು ಜನ ನಕ್ಕು ಬರೆದರು. ಆಮೇಲೆ ಕೋಲಾರದ ಲೆಕ್ಚರರ್ ಸೌಪರ್ಣಿಕಾ, "ಸತ್ತವರ ಮೇಲೆ ಜೋಕು ಬೇಡ, ಇದನ್ನು ಹಿಂತೆಗೆದುಕೊಳ್ಳಿ" ಎಂದು ಎರಡೇ ಸಾಲು ಬರೆದಳು. ಅಷ್ಟು ಸಾಕಾಯಿತು. ಮಾಲೂರಿನ ಭಾರ್ಗವ್ ಎಂಬುವವನು, ಕಾರ್ಗಿಲ್‌ನಲ್ಲಿ ನಮ್ಮವರು ಸತ್ತಾಗ ಮೇಡಂ ಎಲ್ಲಿದ್ದರು ಎಂದು ಕೇಳಿದ. ಇನ್ನೊಬ್ಬ ಗುಜರಾತಿನ ಭೂಕಂಪ ತೆಗೆದ. ಮತ್ತೊಬ್ಬ ಕ್ರಿಕೆಟ್ ತಂದ. ಸಂಜೆಯೊಳಗೆ ದೇಶ ಇಬ್ಭಾಗವಾದ ಕಾಲಕ್ಕೆ ಹೋಗಿ ಮುಟ್ಟಿದರು. ಯಾವ ಪಾರ್ಟಿಗೆ ಯಾರು ಓಟು ಹಾಕಿದರೆಂದು ಲೆಕ್ಕ ತೆಗೆದರು. ಸೌಪರ್ಣಿಕಾ ದೇಶದ್ರೋಹಿಯಾದಳು, ಸುಮಧ್ವ ದೇಶಭಕ್ತನಾದ. ಜೋಕು ಬರೆದ ಪುಣ್ಯಾತ್ಮನಿಗೆ ತಾನು ಯಾವಾಗ ದೇಶಭಕ್ತನಾದೆನೆಂಬುದು ಗೊತ್ತೇ ಆಗಲಿಲ್ಲ, ಆದರೂ ಸಿಕ್ಕ ಪದವಿಯನ್ನು ಬೇಡವೆನ್ನಲಿಲ್ಲ.

ವೆಂಕಟರಮಣ ಎಲ್ಲಕ್ಕೂ ಗುಂಡಿ ಒತ್ತುತ್ತಲೇ ಹೋದ. ಗುಂಪಿನಲ್ಲಿ ಇಷ್ಟು ಮೇಲ್ ಯಾವತ್ತೂ ಬಂದಿರಲಿಲ್ಲ ಎಂದು ಅವನಿಗೆ ಒಳಗೊಳಗೇ ಖುಷಿ. ಶನಿವಾರದ ಕಟ್ಟಿಗೆ ಮಾತ್ರ ಜಗಳವನ್ನು ಹಾಕಲಿಲ್ಲ, ಕಾಗದ ದಂಡ ಎಂದು. ಜೋಕನ್ನು ಹಾಕಿದ. ಹಾಗೇ ಹಾಕಲಿಲ್ಲ, ಟೈಪ್ ಮಾಡುವಾಗ ತಿದ್ದಿದ. 'ಎಲ್ಲರ ತಲೆಯ ಮೇಲೂ ಮಣ್ಣು' ಎಂಬುದು ಸಪ್ಪೆ ಅನ್ನಿಸಿ, 'ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಮಂಕರಿ ಮಣ್ಣು' ಎಂದು ಮಾಡಿದ. ಬುಟ್ಟಿ ಎನ್ನುವ ಬದಲು ಮಂಕರಿ ಎಂದರೆ ಹಳ್ಳಿಯ ಕಡೆ ಇನ್ನೂ ಚೆನ್ನಾಗಿ ನಗುತ್ತಾರೆ ಎಂದು ಅವನ ಲೆಕ್ಕ.

ಸೋಮವಾರ ಮಾಲೂರು ಬಸ್ಸಿನ ಕಂಡಕ್ಟರ್ ಆಫೀಸಿನ ಬಾಗಿಲಿಗೆ ಬಂದು ಒಂದು ಕಟ್ಟನ್ನು ಮೇಜಿನ ಮೇಲಿಟ್ಟ.

"ವಕ್ಕಲೇರಿ ಡೈರಿಯವ್ರು ವಾಪಸ್ ಕೊಟ್ರು ಸ್ವಾಮಿ. ಇನ್ಮೇಲೆ ಬೇಡ ಅಂದ್ರು."

ವಕ್ಕಲೇರಿ ಡೈರಿಯವರು ಎಂದರೆ ರಾಮಚಂದ್ರಪ್ಪ. ಅಲ್ಲಿನ ಹಾಲಿನ ಸೊಸೈಟಿಯ ಸೆಕ್ರೆಟರಿ. ಮುಳಬಾಗಿಲಿನ ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚು. ವೆಂಕಟರಮಣನ ತಂದೆ ತೀರಿಕೊಂಡಾಗ, ಇನ್ನೂ ನೆಂಟರಿಗೆ ಸುದ್ದಿ ಮುಟ್ಟುವ ಮೊದಲೇ ಬಂದು ಅಂಗಳದಲ್ಲಿ ನಿಂತಿದ್ದವನು ಅವನು. ಈ ಕಟ್ಟು ಕಳಿಸುವ ಯೋಚನೆ ಹುಟ್ಟಿದ್ದೇ ಅವನಿಗೋಸ್ಕರ. ನೂರು ಜನ ಗುಂಪು ಬಿಟ್ಟು ಹೋದರೂ ವೆಂಕಟರಮಣ ತಡೆದುಕೊಂಡಾನು, ಈ ಒಬ್ಬ ಬೇಡವೆಂದರೆ ತಡೆಯಲಾರ. ಕೈಲಿದ್ದ ಕೆಲಸ ಬಿಟ್ಟು ಅದೇ ಬಸ್ಸು ಹತ್ತಿದ.

ವಕ್ಕಲೇರಿಯಲ್ಲಿ ಇಳಿದಾಗ ಸಂಜೆಯ ಹಾಲು ಹಾಕುವ ಹೊತ್ತು. ಕ್ಯಾನು ಹಿಡಿದ ಜನ ಸಾಲಾಗಿ ನಿಂತಿದ್ದರು. ರಾಮಚಂದ್ರಪ್ಪ ಹಾಲು ಅಳೆಯುತ್ತಾ ಒಮ್ಮೆ ತಲೆಯೆತ್ತಿ ನೋಡಿದ.

"ಹಾಲು ಹಾಕೋಕ್ ಬಂದ್ಯೇನ್ಲಾ?" ಎಂದ. ಮತ್ತೆ ತಲೆ ತಗ್ಗಿಸಿದ.

ಜನರೆಲ್ಲ ಹೋಗುವ ತನಕ ವೆಂಕಟರಮಣ ಗೋಡೆಗೊರಗಿ ನಿಂತ. ಹೋದ ಸಲ ಬಂದಾಗ ಕುರ್ಚಿ ಒರೆಸಿ ಕೂರಿಸಿದ್ದ ಮನುಷ್ಯ ಇವತ್ತು ಕೂತುಕೋ ಎನ್ನಲಿಲ್ಲ. ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು ಕೊನೆಗೆ ರಾಮಚಂದ್ರಪ್ಪನೇ ಬಾಯಿಬಿಟ್ಟ.

"ಕದಿರೇಶ ಎಲ್ಲವ್ನೆ, ಗೊತ್ತೇನ್ಲಾ ನಿಂಗೆ?"

ಕದಿರೇಶ ರಾಮಚಂದ್ರಪ್ಪನ ಒಬ್ಬನೇ ಮಗ. ಮಿಲಿಟರಿಯಲ್ಲಿದ್ದಾನೆ ಎಂಬುದು ವೆಂಕಟರಮಣನಿಗೆ ಗೊತ್ತಿತ್ತು. "ಉತ್ತರದ ಕಡೆ ಎಲ್ಲೋ..." ಎಂದ.

"ಎಲ್ಲೋ ಅಲ್ಲ. ಕಾಶ್ಮೀರದಾಗೆ, ಗಡಿ ಪಕ್ಕದ ಬೆಟ್ಟದ ಮೇಲೆ. ನೆಲ ನಡುಗಿದ್ದು ಆ ಕಡೆ ಒಂದೇ ಅಲ್ಲ ಕಣ್ಲಾ. ನಮ್ ಕಡೇನೂ ಗುಡ್ಡ ಜಾರಿ ಬಂಕರ್ ಮೇಲೆ ಬಿದ್ದೈತೆ. ಅವತ್ತಿಂದ ಅವನ ಫೋನಿಲ್ಲ. ಕೆಟ್ಟ ಸುದ್ದಿ ಆಗಿದ್ರೆ ಇಷ್ಟೊತ್ಗೆ ತಂತಿ ಬರ್ತಿತ್ತು ಅಂತ ನಮ್ ಮನೆಯೋಳಿಗೆ ಹೇಳ್ಕೊಂಡು ಕೂತಿದ್ದೀನಿ."

ವೆಂಕಟರಮಣ ಗೋಡೆ ಬಿಟ್ಟು ನೆಟ್ಟಗೆ ನಿಂತ.

"ನಿನ್ನ ಕಟ್ಟು ಬಂತು. ನಾನು ಮೊದ್ಲೇ ಓದ್ಕೊಳೋನಲ್ಲ. ನೀನು ಕಳಿಸಿದ್ ಮೇಲೆ ಅದ್ರಲ್ಲಿ ನೋಡೋದೇನಿದೆ? ಹಾಲಿನ ಜನ ಸುತ್ತ ನಿಂತಿದ್ರು, ಯಾವಾಗ್ಲೂ ಓದಿದಂಗೆ ಜೋರಾಗಿ ಓದ್ದೆ. ನಿಲ್ಸಕ್ಕಾಗ್ಲಿಲ್ಲ, ಬಾಯಿ ಅದರ ಪಾಡಿಗೆ ಕೊನೇವರ್ಗೂ ಓದ್ಬಿಡ್ತು. ಒಂದಿಬ್ರು ನಕ್ರು ಕೂಡ. ಆಮೇಲೆ ಮುನಿಯಲ್ಲಮ್ಮನ ಮುಖ ನೋಡ್ದೆ." ಕೈ ಒರೆಸಿದ ಬಟ್ಟೆಯನ್ನು ಮಡಿಸಿಟ್ಟ. ಆಮೇಲೆ ಮೆಲ್ಲಗೆ, "ನನ್ ಬಾಯಲ್ಲೇ ಓದಿಸ್ಬಿಟ್ಯಲ್ಲೋ" ಎಂದ.

ಕೋಪದಿಂದ ಬೈದಿದ್ದರೆ ವೆಂಕಟರಮಣ ತಲೆಬಗ್ಗಿಸಿ ಬೈಸಿಕೊಂಡು ಹಗುರಾಗುತ್ತಿದ್ದ. ಇದು ಬೈಗುಳವಾಗಿರಲಿಲ್ಲ. ಅವನಿಗೆ ಅಳು ಬಂತು, ಅಳಲು ತನಗೆ ಯಾವ ಹಕ್ಕಿದೆ ಎಂದೂ ಅನ್ನಿಸಿತು. ಅಷ್ಟರಲ್ಲಿ ಒಳಗಿಂದ ರಾಮಚಂದ್ರಪ್ಪನ ಹೆಂಡತಿ ಮುನಿಯಲ್ಲಮ್ಮ ಬಂದು ಬಾಗಿಲಲ್ಲಿ ನಿಂತಳು.

"ನಮ್ಮ ಹುಡುಗ ಅಲ್ಲಿದಾನೆ ಅಂತ ಗೊತ್ತಿದ್ರೆ ಖಂಡಿತ ಹಾಕ್ತಿರಲಿಲ್ಲ ತಾಯಿ" ಎಂದ ವೆಂಕಟರಮಣ.

"ಅಲ್ಲ ಸ್ವಾಮಿ, ಗೊತ್ತಿಲ್ದೋರ ಮಕ್ಳಾದ್ರೆ ಹಾಕ್ಬೋದಾ?" ಎಂದು ಕೇಳಿದಳು. ಜಗಳ ತೆಗೆಯುವ ದನಿಯಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಉತ್ತರಕ್ಕೆ ಕಾಯದೆ ಒಳಗೆ ಹೋಗಿ, ಬಂದವರಿಗೆ ಕೊಡಬೇಕಲ್ಲ ಎಂಬಂತೆ ಕಾಫಿ ತಂದಿಟ್ಟಳು. ವೆಂಕಟರಮಣ ಅದನ್ನು ಕುಡಿದ. ಬೇಡವೆಂದಿದ್ದರೆ ಅದು ಇನ್ನೊಂದು ತಪ್ಪಾಗುತ್ತಿತ್ತು.

ಮುಳಬಾಗಿಲಿಗೆ ಬಂದವನೇ ಗುಂಪಿಗೆ ಬರೆದ. ನಮ್ಮ ರಾಮಚಂದ್ರಪ್ಪನ ಮಗ ಅಲ್ಲಿದ್ದಾನೆ, ಸುದ್ದಿಯಿಲ್ಲ, ಆ ಜೋಕಿಗೆ ನಾನು ಕ್ಷಮೆ ಕೇಳುತ್ತೇನೆ, ಈ ಮಾತು ಇಲ್ಲಿಗೆ ಸಾಕು ಎಂದು. ಎಲ್ಲರೂ ಸುಮ್ಮನಾಗುತ್ತಾರೆಂದು ನಂಬಿದ್ದ. ಅಯ್ಯೋ, ಮೊದಲ ಅರ್ಧ ಗಂಟೆ ಎಲ್ಲರೂ ಮರುಗಿದರು. ಆಮೇಲೆ ಭಾರ್ಗವ್, "ನಮ್ಮ ಕದಿರೇಶ್ ಮಣ್ಣಿನಡಿ ಇರುವಾಗ ಕೆಲವರು ಶತ್ರುಗಳಿಗಾಗಿ ಅಳುತ್ತಿದ್ದರು" ಎಂದು ಬರೆದ. ಸೌಪರ್ಣಿಕಾಳ ಕಡೆಯವನೊಬ್ಬ, "ನಿಮ್ಮ ಜೋಕಿಗೆ ನಮ್ಮ ಯೋಧನೇ ಬಲಿ" ಎಂದು ಬರೆದ. ಒಂದು ದಿನವೂ ಕದಿರೇಶನ ಮುಖ ನೋಡದವರು ಅವನ ಹೆಸರನ್ನು ಅತ್ತಿಂದಿತ್ತ, ಇತ್ತಿಂದತ್ತ ಎಸೆದಾಡಿದರು. ಎರಡೂ ಕಡೆಯವರಿಗೆ ಅವನು ಸತ್ತೇ ಹೋಗಿದ್ದರೆ ಅನುಕೂಲ ಎಂಬಂತಿತ್ತು ಬರವಣಿಗೆ. ವೆಂಕಟರಮಣನಿಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಗುಂಡಿ ಒತ್ತಿದ್ದೇ ಒತ್ತಿದ್ದು. ಅವತ್ತು ಒತ್ತುವುದನ್ನು ನಿಲ್ಲಿಸಿದ. ಮೇಲ್‌ಗಳು ಬಂದು ಬಂದು ಅವನ ಬಾಗಿಲಲ್ಲೇ ಬಿದ್ದುಕೊಂಡವು.

ಶನಿವಾರ ಕಟ್ಟು ಹೊರಡಲಿಲ್ಲ. ಆವತ್ತು ಸಂಜೆ ಸುಮಧ್ವ ಅಕ್ಕನ ಮನೆಗೆ ಬಂದ. ಒಂದು ಜೋಕೂ ಹೇಳದೆ ಕಾಫಿ ಕುಡಿದದ್ದನ್ನು ನೋಡಿ ಜಾನಕಮ್ಮ ಅವನ ಹಣೆ ಮುಟ್ಟಿ ನೋಡಿದಳು.

"ಭಾವ, ನಾಳೆ ವಕ್ಕಲೇರಿಗೆ ಹೋಗ್ತೀರಂತೆ. ನಾನೂ ಬರ್ಲಾ?" ಎಂದ.

"ಬೇಡ ಕಣೋ. ನೀನು ಬರೆದೆ ಅಷ್ಟೆ. ಆ ಮನೆಗೆ ಕಳಿಸಿದ್ದು ನಾನು" ಎಂದ ವೆಂಕಟರಮಣ. ಮಂಕರಿಯ ವಿಷಯ ಬಾಯಿಗೆ ಬಂತು, ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಡೈರಿಯ ಬಾಗಿಲಲ್ಲಿ ಗಂಡ ಹೆಂಡತಿ ಇಬ್ಬರೂ ಕೂತಿದ್ದರು. ಮಗ ಫೋನು ಮಾಡುತ್ತಿದ್ದುದು ಭಾನುವಾರವೇ, ಡೈರಿಯ ಫೋನಿಗೇ. ವೆಂಕಟರಮಣನನ್ನು ಬಾ ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವನು ಒಂದು ಖಾಲಿ ಕ್ಯಾನಿನ ಮೇಲೆ ಕೂತ. ಬೆಳಗಿನ ಹಾಲಿನ ಲಾರಿ ಬಂದು ಹೋಯಿತು. ಬಿಸಿಲು ಒಳಗೆ ಬಂದು ಮೇಜಿನ ಕಾಲು ಮುಟ್ಟುವ ಹೊತ್ತಿಗೆ ಫೋನು ಬಡಿದುಕೊಂಡಿತು.

ರಾಮಚಂದ್ರಪ್ಪ ಎದ್ದ, ಆದರೆ ಅವನಿಗೆ ಕೈ ಎತ್ತಲಾಗಲಿಲ್ಲ. ಮುನಿಯಲ್ಲಮ್ಮನೇ ಹಾರಿ ಎತ್ತಿಕೊಂಡಳು. "ಅಮ್ಮಾ" ಎಂಬ ದನಿ ವೆಂಕಟರಮಣನಿಗೂ ಕೇಳಿಸಿತು. ಅವಳು "ಅಯ್ಯೋ ನನ್ನಪ್ಪಾ, ಅಯ್ಯೋ ನನ್ನಪ್ಪಾ" ಎಂಬುದು ಬಿಟ್ಟರೆ ಬೇರೇನೂ ಹೇಳಲಾರದೆ ಅತ್ತಳು. ಆಮೇಲೆ ರಾಮಚಂದ್ರಪ್ಪ ತೆಗೆದುಕೊಂಡ. ಉಂಡೆಯಾ, ಮೈಗೇನಾದರೂ ಆಯಿತಾ, ಕಾಲು ಸರಿಯಿದೆಯಾ ಎಂದು ಕೇಳಿದ. ಅವನ ಕಣ್ಣಿಂದ ನೀರು ಧಾರಾಕಾರ, ಮಾತು ಮಾತ್ರ ಹಸುವಿನ ಆರೋಗ್ಯ ವಿಚಾರಿಸಿದ ಹಾಗೆ ನೆಟ್ಟಗಿತ್ತು. ಆಮೇಲೆ ಏನೋ ಕೇಳಿಸಿಕೊಂಡು ತಟಕ್ಕನೆ ರಿಸೀವರನ್ನು ವೆಂಕಟರಮಣನ ಕಡೆ ಚಾಚಿದ.

"ವಾರವಾರ ನಾನು ಅವನಿಗೆ ನಿನ್ ನಗೆಹನಿ ಓದ್ತಿದ್ದೆ. ಇವತ್ತೂ ಕೇಳ್ತವ್ನೆ. ನೀನೇ ಹೇಳು."

ವೆಂಕಟರಮಣ ರಿಸೀವರ್ ತೆಗೆದುಕೊಂಡ. "ಕದಿರೇಶಾ, ಚೆನ್ನಾಗಿದೀಯೇನಪ್ಪ" ಎಂದು, ಎಲ್ಲೋ ನೆನಪಾದ ಅತ್ತೆ ಸೊಸೆಯ ಜೋಕೊಂದನ್ನು ಶುರು ಮಾಡಿದ.

"ಅಂಕಲ್, ಅದು ಹಳೇದು" ಎಂದ ಹುಡುಗ, ಸುಸ್ತಾದ ದನಿಯಲ್ಲಿ. "ಹೊಸ್ದು ಹೇಳಿ. ನಗ್ಬೇಕು ಅನ್ನಿಸ್ತಿದೆ."

"ಹೊಸದು ಚೆನ್ನಾಗಿಲ್ಲ ಕಣಪ್ಪ."

"ಪರವಾಗಿಲ್ಲ, ಹೇಳಿ."

ಸುಳ್ಳು ಹೇಳಬಹುದಿತ್ತು. ಎದುರಿಗೆ ರಾಮಚಂದ್ರಪ್ಪ ನಿಂತಿದ್ದ. ವೆಂಕಟರಮಣ ಕಣ್ಣು ಮುಚ್ಚಿಕೊಂಡು, ಮಂಕರಿಯನ್ನೂ ಬಿಡದೆ, ಇಡೀ ಜೋಕನ್ನು ಹೇಳಿದ. ತಾನೇ ಹಾಕಿದ್ದು, ತಪ್ಪಾಯಿತು ಎಂದೂ ಹೇಳಿದ.

"ನಿಮ್ ಜೋಕುಗಳ್ನ ನಾನು ಹಿಂದೀಲಿ ನಮ್ ಹುಡುಗ್ರಿಗೆ ಹೇಳ್ತಿದ್ದೆ ಅಂಕಲ್" ಎಂದ ಕದಿರೇಶ. "ಭಾನುವಾರ ಆದ್ರೆ ಸಾಕು, ಮುಳಬಾಗಿಲು ಏನಂತು ಅಂತ ಕೇಳೋರು. ಅವ್ರೆಲ್ಲ ಗುಡ್ಡದ ಕೆಳಗೇ ಉಳ್ಕೊಂಡ್ರು. ಇದನ್ನ ಯಾರಿಗೆ ಹೇಳ್ಲಿ?"

"ಯಾರಿಗೂ ಹೇಳ್ಬೇಡಪ್ಪ" ಎಂದಷ್ಟೇ ವೆಂಕಟರಮಣನಿಗೆ ಹೇಳಲಾದದ್ದು. ಲೈನು ಕರಕರ ಎಂದು, ಆಮೇಲೆ ಕಡಿದುಹೋಯಿತು.

ರಿಸೀವರ್ ಇಟ್ಟು ಅವನು ಚಪ್ಪಲಿ ಹಾಕಿಕೊಂಡ. ಇನ್ನು ಈ ಬಾಗಿಲಿಗೆ ಬರಲು ತನಗೆ ಮುಖವಿಲ್ಲವೆಂದು ಅವನಿಗೆ ಖಚಿತವಾಗಿತ್ತು. ಬಸ್ ಸ್ಟಾಪಿನ ಕಡೆ ನಾಲ್ಕು ಹೆಜ್ಜೆ ಹಾಕಿದಾಗ ಹಿಂದಿನಿಂದ ರಾಮಚಂದ್ರಪ್ಪ ಕೂಗಿದ.

"ಲೇ, ಶನಿವಾರ ಕಟ್ಟು ಬರ್ಲಿಲ್ಲ."

ವೆಂಕಟರಮಣ ತಿರುಗಿ ನಿಂತ. "ಕಳಿಸ್ಲೇನೋ?"

"ಕಳ್ಸು" ಎಂದ ರಾಮಚಂದ್ರಪ್ಪ. "ಈ ಸಲ ಓದಿ ಕಳ್ಸು."