ನಲವತ್ತನೆಯ ಪುಸ್ತಕ

“ಮೆಲ್ಲಗೆ ಕಣ್ರೀ, ಕುಸೀತಿದೆ! ಅದನ್ನೆಲ್ಲ ಹೀಗೆ ಕೊಡಿ,” ಎಂದು ಪಕ್ಕದ ಮನೆಯಾಕೆ ಎರಡೂ ಕೈ ಚಾಚಿ, ಗಲ್ಲ ಮುಟ್ಟುವಷ್ಟು ಪುಸ್ತಕಗಳನ್ನು ತಬ್ಬಿಕೊಂಡು ಅಡುಗೆಮನೆಗೆ ನಡೆದಳು. ಅವಳ ಹಿಂದೆ ಇಬ್ಬರು ಗಂಡಸರು ಮಂಚವನ್ನು ಓರೆಯಾಗಿಸಿ ಬಾಗಿಲು ದಾಟಿಸುತ್ತಿದ್ದರು. ನಡುಮನೆ ಖಾಲಿಯಾಗಬೇಕಿತ್ತು. ಇನ್ನರ್ಧ ಗಂಟೆಯಲ್ಲಿ ಆಸ್ಪತ್ರೆಯಿಂದ ದೊಡ್ಡ ಟೀಚರನ್ನು ತರುವವರಿದ್ದರು.

ಶಿಶುವಿಹಾರದಲ್ಲಿ ಅವರ ಜತೆ ಕೆಲಸ ಮಾಡುವ ಚಿಕ್ಕ ಟೀಚರ್ ಮೂರು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಸೊಂಟ ಹಿಡಿಸಿಕೊಂಡವಳು. ಬಾಡಿಗೆ ಕೋಣೆಗೆ ಹೋಗಿ ಬಟ್ಟೆ ಬದಲಾಯಿಸಿ ಬರುವಷ್ಟರಲ್ಲಿ ಇಲ್ಲಿ ಇಷ್ಟು ನಡೆದುಹೋಗಿತ್ತು. ಮಂಚದ ಎಡಕ್ಕೊಂದು, ಬಲಕ್ಕೊಂದು ಎಂದು ಇದ್ದ ಎರಡು ರಾಶಿಗಳು ಈಗ ಅಡುಗೆಮನೆಯ ಗೋಡೆಗೊರಗಿ ಒಂದೇ ರಾಶಿಯಾಗಿದ್ದವು. ಬೇಡ ಅನ್ನಲು ಅವಳು ಬಾಯಿ ತೆರೆದಳು. ಹೆಣ ಬರುವ ಹೊತ್ತಿನಲ್ಲಿ ಪುಸ್ತಕದ ಚಿಂತೆ ಮಾಡುವವಳನ್ನು ಜನ ಏನೆಂದುಕೊಂಡಾರು ಅನಿಸಿ ಸುಮ್ಮನಾದಳು.

ದೊಡ್ಡ ಟೀಚರ ಗಂಡ ಟೈಲರ್. ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ, ಹೊಲಿಯಲು ಏನೂ ಇಲ್ಲದೆ ಕೂತಿದ್ದರು.

“ಬಂದ್ಯಾಮ್ಮ? ನಿಮ್ಮಕ್ಕನ ಪುಸ್ತಕ ಎಲ್ಲ ಕಲಸಿಹೋಯ್ತು. ನಾನೇ ತೆಗೀರಿ ಅಂದೆ. ಮಲಗಿಸೋಕೆ ಜಾಗ ಬೇಕಿತ್ತಲ್ಲ.”

“ಇರಲಿ ಬಿಡಿ ಭಾವ.”

“ಎದ್ದಿದ್ರೆ ನನ್ನ ಚರ್ಮ ಸುಲೀತಿದ್ಲು,” ಎಂದರು ಟೈಲರ್. ನಗಲು ಹೋಗಿ ಆಗದೆ ಕಣ್ಣೊರೆಸಿಕೊಂಡರು.

ಸುಲಿಯುವಂಥದ್ದೇ ತಪ್ಪು. ಪ್ರತಿ ವರ್ಷ ಶಿಶುವಿಹಾರ ತೆರೆಯುವ ಮೊದಲು ಪುಸ್ತಕದ ವ್ಯಾಪಾರಿಯೊಬ್ಬ ಇನ್ನೂರು ಚಿತ್ರಪುಸ್ತಕಗಳ ಪೆಟ್ಟಿಗೆ ತಂದಿಟ್ಟು ಹೋಗುತ್ತಿದ್ದ. ಹದಿನೈದು ದಿನ ನೋಡಿ ನಲವತ್ತು ಇಟ್ಟುಕೊಳ್ಳಬೇಕು, ಉಳಿದದ್ದು ವಾಪಸ್ಸು. ಶಾಲೆಯ ಮಾಡು ಸೋರುತ್ತದೆಂದು ದೊಡ್ಡ ಟೀಚರ್ ಪೆಟ್ಟಿಗೆಯನ್ನು ಮನೆಗೇ ತರಿಸಿಕೊಳ್ಳುತ್ತಿದ್ದರು. ಇರಬೇಕಾದದ್ದು ಮಂಚದ ಎಡಕ್ಕೆ, ಹೋಗಬೇಕಾದದ್ದು ಬಲಕ್ಕೆ. ಚೀಟಿ ಇಲ್ಲ, ಗುರುತಿಲ್ಲ. “ಪಟ್ಟಿ ಬರೆದಿಟ್ಟರೆ ಮನಸ್ಸು ಬದಲಾಯಿಸೋಕೆ ನಾಚಿಕೆ ಆಗತ್ತೆ ಕಣೇ,” ಅನ್ನುತ್ತಿದ್ದರು. ಪಟ್ಟಿ ಏನಿದ್ದರೂ ಕೊನೆಯ ದಿನ. ಆ ಕೊನೆಯ ದಿನ ಇವತ್ತೇ ಆಗಿತ್ತು.

ಪೆಟ್ಟಿಗೆಯವನು ಹನ್ನೊಂದು ಗಂಟೆಗೆ ಬಂದ. ಬೀದಿಯ ತಿರುವಿನಲ್ಲೇ ಸುದ್ದಿ ಸಿಕ್ಕಿ, ಎಲ್ಲಿಂದಲೋ ಒಂದು ಹಾರ ಹೊಂದಿಸಿಕೊಂಡು ತಂದಿದ್ದ. ನಡುಮನೆಯಲ್ಲಿ ಮಲಗಿಸಿದ್ದ ದೊಡ್ಡ ಟೀಚರ ಮೇಲೆ ಹಾರ ಇಟ್ಟು, ತಲೆ ತಗ್ಗಿಸಿ ನಿಂತು, ಆಮೇಲೆ ಚಿಕ್ಕ ಟೀಚರನ್ನು ಹುಡುಕಿಕೊಂಡು ಅಡುಗೆಮನೆಗೆ ಬಂದ.

“ಸಾವಿನ ಮನೇಲಿ ಹೀಗೆ ಕೇಳೋಕೆ ನಾಲಿಗೆ ಬರಲ್ಲ ಟೀಚರ್. ನಾಳೆ ಬೆಳಿಗ್ಗೆ ಈ ಪೆಟ್ಟಿಗೆ ಬೇರೆ ಊರಿನ ಶಾಲೆ ಮುಟ್ಟಬೇಕು. ಇವತ್ತು ಬಿಟ್ರೆ ನಿಮಗೆ ಮುಂದಿನ ವರ್ಷಾನೇ.” ರಾಶಿ ನೋಡಿ ಅವನಿಗೆ ಅರ್ಥವಾಯಿತು. “ಬೇಕಾದ್ರೆ ನಾನೇ ನಲವತ್ತು ತೆಗೆದುಕೊಡ್ಲಾ? ಬಣ್ಣ ಚೆನ್ನಾಗಿರೋದು?”

“ಬೇಡ. ನಾನೇ ಆರಿಸ್ತೀನಿ.”

ಹೇಳಿದ ಮೇಲೆ ಅವಳಿಗೇ ದಿಗಿಲಾಯಿತು. ಹನ್ನೊಂದು ವರ್ಷ ದೊಡ್ಡ ಟೀಚರ ಪಕ್ಕ ಕೂತು ಹೂಂ ಅಂದವಳೇ ಹೊರತು ತಾನಾಗಿ ಒಂದು ಪುಸ್ತಕವನ್ನೂ ಎಡಕ್ಕಿಟ್ಟವಳಲ್ಲ.

*

ಸೇರಿದ ಮೊದಲ ವರ್ಷ ಅವಳು ಒಂದು ಪುಸ್ತಕ ಎತ್ತಿಕೊಟ್ಟಿದ್ದಳು. ದೂರದ ಗುಡ್ಡಗಾಡಿನ ಜನರದು. ಪುಟ ತುಂಬ ಕೆಂಪು, ಹಳದಿ, ಕುಣಿತ, ಡೋಲು.

ದೊಡ್ಡ ಟೀಚರ್ ಕನ್ನಡಕ ಏರಿಸಿ ಮೊದಲಿಂದ ಕೊನೆಯವರೆಗೆ ತಿರುವಿದರು. “ಈ ಜನ ಮಲಗುವಾಗಲೂ ಹಬ್ಬದ ಬಟ್ಟೇಲೇ ಮಲಗ್ತಾರಾ? ಒಬ್ಬರಾದರೂ ಮೂಗು ಒರೆಸಿಕೊಂಡಿದ್ದಾರಾ ನೋಡು. ಚಪ್ಪಲಿ ಕಳಕೊಂಡ ಮಗು, ಅಡುಗೆ ಸೀಯಿಸಿದ ಅಪ್ಪ, ಯಾರೂ ಇಲ್ಲ. ಬಲಗಡೆ ಇಡು.”

ಅವರ ತರಗತಿಯಲ್ಲಿ ಮೂವತ್ತು ಮಕ್ಕಳಿದ್ದರೆ ಎಂಟು ಬಗೆಯ ಮನೆಮಾತು. ಗಿರಣಿಯವರ ಮಕ್ಕಳು, ದೋಣಿಯವರ ಮಕ್ಕಳು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರ ಮಕ್ಕಳು, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವವರ ಮಕ್ಕಳು. ಎಲ್ಲರ ಮನೆಯೂ ಯಾವುದಾದರೊಂದು ಪುಸ್ತಕದಲ್ಲಿ ಇರಬೇಕೆಂಬುದು ದೊಡ್ಡ ಟೀಚರ ಹಟ. ಆದರೆ ಯಾವ ಮಗುವಿನ ಕೈಗೂ ಅದರ ಮನೆಯ ಪುಸ್ತಕವನ್ನು ತಾವಾಗಿ ಕೊಡುತ್ತಿರಲಿಲ್ಲ. ಕೆಳಗಿನ ಹಲಗೆಯ ಮೇಲೆ, ಪುಟ್ಟ ಕೈಗೆ ಎಟುಕುವಲ್ಲಿ ಇಟ್ಟು ಸುಮ್ಮನಿರುತ್ತಿದ್ದರು.

ಯಾಕೆಂದು ಒಮ್ಮೆ, ಹರಿದ ಪುಟಗಳಿಗೆ ಅಂಟು ಹಚ್ಚುತ್ತ ಕೂತಾಗ ಹೇಳಿದ್ದರು.

“ನನಗಾಗ ನಿನಗಿಂತ ಚಿಕ್ಕ ವಯಸ್ಸು. ದೋಣಿಯವರ ಹುಡುಗ ಒಬ್ಬ ಇದ್ದ, ಮಾತೇ ಆಡ್ತಿರಲಿಲ್ಲ. ಅವನಿಗೋಸ್ಕರ ಊರೆಲ್ಲ ಅಲೆದು ದೋಣಿಮನೆಯ ಪುಸ್ತಕ ತಂದೆ. ಎಲ್ಲರ ಮುಂದೆ ಎತ್ತಿ ಹಿಡಿದು, ‘ನೋಡಿ ಮಕ್ಕಳೇ, ಇದು ಇವನ ಮನೆ’ ಅಂದೆ. ಅಲ್ಲೇ ನಿಂತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡ. ಮಾರನೇ ದಿನದಿಂದ ಬರಲೇ ಇಲ್ಲ. ದೋಣಿ ಹತ್ತಿರ ಹೋದೆ, ಎರಡು ಸಲ. ಹೊರಗೆ ಬರಲಿಲ್ಲ.” ಅಂಟಿನ ಬೆರಳನ್ನು ಹಳೆಯ ಬಟ್ಟೆಗೆ ಉಜ್ಜಿಕೊಂಡರು. “ನಾನು ಉಪಕಾರ ಮಾಡ್ತಿದೀನಿ ಅಂದ್ಕೊಂಡಿದ್ದೆ ಕಣೇ.”

ಅಂದಿನಿಂದ ಇನ್ನೊಂದು ಅಭ್ಯಾಸವೂ ಅಂಟಿತ್ತು. ಯಾವ ಜನರ ಪುಸ್ತಕವೋ ಆ ಜನರಲ್ಲಿ ಒಬ್ಬರ ಹತ್ತಿರ ಹೋಗಿ ಚಿತ್ರ ತೋರಿಸಿ, “ಇದರಲ್ಲಿ ಸುಳ್ಳು ಯಾವುದು ಹೇಳಿ” ಎಂದು ಕೇಳುವುದು. ಚೀಲದಲ್ಲಿ ಪುಸ್ತಕ ಹಾಕಿಕೊಂಡು ಹೋಟೆಲಿನ ಹಿಂಬಾಗಿಲಿಗೆ, ದೋಣಿಕಟ್ಟೆಗೆ, ಗಿರಣಿಯ ಗೇಟಿಗೆ ಹೋಗುತ್ತಿದ್ದರು. ಚಿಕ್ಕ ಟೀಚರ್ ಜತೆಗೆ ಹೋದವಳಲ್ಲ. ಅವಳಿಗೆ ಸಂಜೆ ಯಾವಾಗಲೂ ಬೇರೆ ಏನಾದರೂ ಕೆಲಸ ಇರುತ್ತಿತ್ತು.

*

ನಡುಮನೆಯಲ್ಲಿ ಜನ ಬಂದು ಹೋಗುತ್ತಿದ್ದರು. ಯಾರೋ ಬಿಕ್ಕುತ್ತಿದ್ದರು, ಯಾರೋ ಸ್ಮಶಾನಕ್ಕೆ ವ್ಯಾನ್ ಎಷ್ಟು ಗಂಟೆಗೆ ಎಂದು ವಿಚಾರಿಸುತ್ತಿದ್ದರು. ಅಡುಗೆಮನೆಯ ನೆಲದ ಮೇಲೆ ಕೂತ ಚಿಕ್ಕ ಟೀಚರ್ ಒಂದೊಂದೇ ಪುಸ್ತಕ ತಿರುವುತ್ತಿದ್ದಳು. ಕಣ್ಣು ಉರಿಯುತ್ತಿತ್ತು. ಅಳು ಬಂದಿದ್ದರೆ ಹಗುರಾಗುತ್ತಿತ್ತೇನೋ, ಬರೀ ಆಯಾಸ ಬರುತ್ತಿತ್ತು. ಕೈ ಮಾತ್ರ ತಡವರಿಸಲಿಲ್ಲ. ಅಪ್ಪ ಜಡೆ ಹಾಕುವ ಪುಸ್ತಕ, ಇರಲಿ. ಎಲ್ಲರೂ ಹಲ್ಲು ಕಿರಿಯುವ ಪುಸ್ತಕ, ಹೋಗಲಿ. ಕುರುಡಜ್ಜ ತಾನೇ ಬಸ್ಸು ಹತ್ತುವುದು, ಇರಲಿ. ಒಂದು ಗಂಟೆಯ ಹೊತ್ತಿಗೆ ಮೂವತ್ತೊಂಬತ್ತಾದವು.

ಆಮೇಲೆ ಆ ಪುಸ್ತಕ ಸಿಕ್ಕಿತು. ಗುಜರಿ ಅಂಗಳದ ಹುಡುಗಿಯದು.

ನಾಲ್ಕು ದಿನದ ಹಿಂದೆ ಇದಕ್ಕೇ ಜಗಳವಾಗಿತ್ತು. ಅವಳು ಬಲಕ್ಕಿಟ್ಟರೆ ದೊಡ್ಡ ಟೀಚರ್ ತುಟಿ ಪಿಟಕ್ಕೆನ್ನದೆ ಎಡಕ್ಕಿಡುತ್ತಿದ್ದರು. ಮೂರನೆಯ ಸಲಕ್ಕೆ ಅವಳ ತಾಳ್ಮೆ ತಪ್ಪಿತು.

“ಅಕ್ಕ, ಇದು ಬೇಡ. ಕಸದ ರಾಶಿ ನೋಡಿ ಮಕ್ಕಳು ಏನು ಕಲೀತಾರೆ?”

“ಕಸ ಅಲ್ಲ ಕಣೇ, ಗುಜರಿ. ಎರಡಕ್ಕೂ ವ್ಯತ್ಯಾಸ ಇದೆ.”

“ಆ ವ್ಯತ್ಯಾಸ ನಿಮಗೇನು ಗೊತ್ತು?” ಎಂದು ಅವಳು ಕಿರುಚಿಬಿಟ್ಟಿದ್ದಳು.

ದೊಡ್ಡ ಟೀಚರ್ ಅವಳ ಮುಖವನ್ನೇ ನೋಡಿದರು. “ಸರಿ. ಇದೊಂದನ್ನ ನೀನೇ ತೀರ್ಮಾನ ಮಾಡು,” ಎಂದರು. ಅವಳು ಹೋಗಿಬರುತ್ತೇನೆ ಅಂತಲೂ ಅನ್ನದೆ ಬಾಗಿಲು ದಡಾರನೆ ಎಳೆದುಕೊಂಡು ಹೊರಟಿದ್ದಳು. ಮಾರನೆಯ ಬೆಳಿಗ್ಗೆ ದೊಡ್ಡ ಟೀಚರ್ ಬಚ್ಚಲಲ್ಲಿ ಬಿದ್ದರು. ಮತ್ತೆ ಮಾತಾಡಲಿಲ್ಲ.

ಶಾಲೆಯಲ್ಲಿ ಯಾರಾದರೂ ಮನೆಯ ಬಗ್ಗೆ ಕೇಳಿದರೆ ಚಿಕ್ಕ ಟೀಚರ್ “ನಮ್ಮದು ಪೇಪರ್ ವ್ಯಾಪಾರ” ಅನ್ನುತ್ತಿದ್ದಳು. ಸುಳ್ಳೇನಲ್ಲ. ಹಳೇ ಪೇಪರ್ ಅನ್ನುತ್ತಿರಲಿಲ್ಲ, ಅಷ್ಟೆ. ಅಪ್ಪ ತೀರಿಕೊಂಡ ಮೇಲೂ ಅಮ್ಮ ಊರಾಚೆಯ ಅಂಗಳದಲ್ಲಿ ಪೇಪರ್, ಚಿಂದಿ, ತಗಡು ಬೇರೆ ಬೇರೆ ಮಾಡುತ್ತ ಕೂತಿರುತ್ತಿದ್ದಳು. ಕೆಲಸ ಸಿಕ್ಕ ದಿನವೇ ಮಗಳು ಅವಳಿಗೆ, ಶಾಲೆಯ ಕಡೆ ಬರಬೇಡ ಎಂದು ಹೇಳಿಟ್ಟಿದ್ದಳು. ಅಮ್ಮ ಆಗಲಿ ಅಂದಿದ್ದಳು. ಯಾಕೆ ಎಂದು ಕೇಳಿದ್ದರೆ ಜಗಳವಾಡಿಯಾದರೂ ಮುಗಿಸಬಹುದಿತ್ತು.

ಅವಳು ಪುಸ್ತಕವನ್ನು ಬಲಕ್ಕಿಟ್ಟಳು.

*

“ಅಮ್ಮಾ, ಅಲ್ಲೇ ಯಾಕೆ ನಿಂತ್ರಿ? ಒಳಗೆ ಬನ್ನಿ, ಒಳಗೆ ಬನ್ನಿ,” ಎಂಬ ಟೈಲರ ದನಿ ಕೇಳಿ ಚಿಕ್ಕ ಟೀಚರ್ ತಲೆಯೆತ್ತಿದಳು. ಗೇಟಿನ ಹೊರಗೆ ಅವಳ ಅಮ್ಮ ನಿಂತಿದ್ದಳು. ಕೆಲಸದ ಕೈಗವಸುಗಳನ್ನು ಕಳಚಿ ಹಿಂದಕ್ಕೆ ಬಚ್ಚಿಟ್ಟುಕೊಂಡಿದ್ದಳು.

ಟೈಲರೇ ಹೋಗಿ ಕರೆತಂದರು. ಅಮ್ಮ ದೊಡ್ಡ ಟೀಚರ ಕಾಲ ಬಳಿ ಬಹಳ ಹೊತ್ತು ನಿಂತಳು. ಅವಳನ್ನು ಅಡುಗೆಮನೆಗೆ ತಂದು ಕೂರಿಸಿ ಟೈಲರ್ ಹೇಳಿದರು, “ನಮ್ಮ ಹಳೇ ಪೇಪರಮ್ಮ. ನನ್ನ ಚೂರುಬಟ್ಟೆ ಒಯ್ಯೋಕೆ ತಿಂಗಳಿಗೊಮ್ಮೆ ಬರ್ತಾರೆ. ನಿಮ್ಮಕ್ಕನಿಗೆ ಇವರು ಬಂದ್ರೆ ಹೊತ್ತು ಹೋಗಿದ್ದೇ ತಿಳೀತಿರಲಿಲ್ಲ. ಒಂದು ಲೋಟ ನೀರು ಕೊಡಮ್ಮ.”

ಅವರು ಅತ್ತ ಹೋದ ಮೇಲೆ ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡರು.

“ನೀನು ಶಾಲೆ ಕಡೆ ಬರಬೇಡ ಅಂದಿದ್ದೆ,” ಎಂದಳು ಅಮ್ಮ ಪಿಸುದನಿಯಲ್ಲಿ. “ಮನೆ ಕಡೆ ಬರಬೇಡ ಅಂದಿರಲಿಲ್ಲ. ನಿನ್ನ ಸುದ್ದಿ ನಾನು ಎತ್ತೇ ಇಲ್ಲ, ಹೆದರಬೇಡ.”

“ಅಕ್ಕನಿಗೆ ಗೊತ್ತಿತ್ತಾ?”

“ಈ ಮೂಗು ಇಟ್ಕೊಂಡು ಎಲ್ಲಿ ಬಚ್ಚಿಡ್ತೀಯೇ? ನೀನು ಸೇರಿದ ವರ್ಷಾನೇ, ನನ್ನ ಮುಖ ಮೊದಲ ದಿನ ನೋಡಿದಾಗಲೇ ನಕ್ಕರು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.” ಅಮ್ಮ ನೀರು ಕುಡಿದು ಲೋಟವನ್ನು ನೆಲಕ್ಕಿಟ್ಟಳು. ಪಕ್ಕದಲ್ಲೇ ಬಿದ್ದಿದ್ದ ಪುಸ್ತಕ ಕಣ್ಣಿಗೆ ಬಿತ್ತು. “ಹೋದ ವಾರ ಇದನ್ನೇ ಹಿಡ್ಕೊಂಡು ನಮ್ಮ ಅಂಗಳಕ್ಕೆ ಬಂದಿದ್ರು. ಸುಳ್ಳು ಯಾವುದು ಹೇಳಮ್ಮ ಅಂದ್ರು. ತಕ್ಕಡಿ ಸುಳ್ಳು ಅಂದೆ, ಅಷ್ಟು ಹೊಳೆಯೋ ತಕ್ಕಡಿ ಎಲ್ಲಿರತ್ತೆ? ಈ ಹುಡುಗಿ ಪೇಪರ್ ರಾಶಿ ಮೇಲೆ ನಿದ್ದೆ ಹೋಗಿರೋದು ಮಾತ್ರ ನಿಜ ಅಂದೆ. ನನ್ನ ಮಗಳನ್ನೂ ಹಾಗೇ ಮಲಗಿಸ್ತಿದ್ದೆ, ಬೆಚ್ಚಗಿರತ್ತೆ ಅಂದೆ. ಪುಸ್ತಕ ಮುಚ್ಚಿ ಸುಮ್ಮನೆ ಕೂತುಬಿಟ್ರು ಪಾಪ.”

ಹನ್ನೊಂದು ವರ್ಷ. ಹನ್ನೊಂದು ವರ್ಷ ಆ ಹೆಂಗಸು ಎಲ್ಲ ತಿಳಿದೂ ಅವಳ ಪೇಪರ್ ವ್ಯಾಪಾರಕ್ಕೆ ತಲೆಯಾಡಿಸಿದ್ದರು. ದೋಣಿಯ ಹುಡುಗನಿಗೆ ಮಾಡಿದ್ದನ್ನು ಇವಳಿಗೆ ಮಾಡಬಾರದೆಂದು ಕೈಗೆ ಕೊಡದೆ, ಎಟುಕುವಲ್ಲಿ ಇಟ್ಟು ಕಾದಿದ್ದರು. ಅದಕ್ಕೆ ಇವಳು ಬಾಗಿಲು ಬಡಿದು ಹೋಗಿದ್ದಳು. ಈಗ ಹೇಳಿಕೊಳ್ಳೋಣವೆಂದರೆ ಕೇಳುವವರು ನಡುಮನೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದರು. ಕೊನೆಗೂ ಅಳು ಬಂತು. ಅವಳು ಒಲೆಯ ಕಡೆ ತಿರುಗಿ ಬಾಯಿಗೆ ಕೈ ಒತ್ತಿಕೊಂಡು ಅತ್ತಳು. ಅಮ್ಮ ಅವಳ ಬೆನ್ನು ಮುಟ್ಟಲು ಕೈ ಚಾಚಿ, ಬಾಗಿಲ ಕಡೆ ನೋಡಿ ಹಿಂದಕ್ಕೆಳೆದುಕೊಂಡಳು.

“ನಾನು ಹೊರಡ್ತೀನಿ. ನಿಮ್ಮ ಶಾಲೆಯವರೆಲ್ಲ ಬರೋ ಹೊತ್ತು.”

ಏಳುವಷ್ಟರಲ್ಲಿ ದೊಡ್ಡ ಟೀಚರ ಮೊಮ್ಮಗಳು ಒಳಗೆ ಬಂದಳು. ಐದು ವರ್ಷದ ಕೂಸು, ಬೆಳಗಿನಿಂದ ದೊಡ್ಡವರ ಕಾಲುಗಳ ನಡುವೆ ಸುತ್ತಿ ಬೇಸತ್ತಿತ್ತು. ಬಲಗಡೆಯ ರಾಶಿಯ ಮೇಲಿದ್ದ ಗುಜರಿ ಪುಸ್ತಕವನ್ನು ಎಳೆದುಕೊಂಡು, ಕೇಳದೆ ಹೇಳದೆ ಹಳೇ ಪೇಪರಮ್ಮನ ತೊಡೆ ಏರಿತು.

“ಓದಿ ಅಜ್ಜಿ.”

“ನಂಗೆ ಓದೋಕೆ ಬರಲ್ಲ ಪುಟ್ಟಿ. ಚಿತ್ರ ಬೇಕಾದ್ರೆ ಹೇಳ್ತೀನಿ. ಇದು ತಗಡು. ಇದು ಬಾಟ್ಲಿ. ಇದು ನಾಯಿ, ಗುಜರಿಗೆ ಯಾವಾಗಲೂ ಒಂದು ನಾಯಿ ಇರತ್ತೆ.”

“ಇದು ಯಾರ ಮನೆ?”

ಅಮ್ಮ ತಲೆಯೆತ್ತಿದಳು. ಬಾಗಿಲಲ್ಲಿ ಪಕ್ಕದ ಮನೆಯಾಕೆ ಇದ್ದಳು. ಅವಳ ಹಿಂದೆ, ಆಗಷ್ಟೇ ಬಂದ ಶಾಲೆಯ ಮುಖ್ಯೋಪಾಧ್ಯಾಯಿನಿ ಇದ್ದರು. ಅವರಿಬ್ಬರ ನಡುವೆ ಕತ್ತು ತೂರಿಸಿ ಪೆಟ್ಟಿಗೆಯವನು, “ಮೂವತ್ತೊಂಬತ್ತೇ ಇದೆಯಲ್ಲ ಟೀಚರ್, ಇನ್ನೊಂದು?” ಎಂದು ಕೇಳುತ್ತಿದ್ದ. ಅಮ್ಮ ಮಗಳ ಕಡೆ ನೋಡಿದಳು. ಏನು ಹೇಳಲಿ ಎಂದು ಅಪ್ಪಣೆ ಕೇಳುವ ನೋಟ ಅದು. ಹನ್ನೊಂದು ವರ್ಷದ ಅಭ್ಯಾಸ.

ಚಿಕ್ಕ ಟೀಚರ್ ಮುಖ ಒರೆಸಿಕೊಂಡು ಬಂದು ಅಮ್ಮನ ಪಕ್ಕದಲ್ಲಿ, ನೆಲದ ಮೇಲೆ ಕೂತಳು.

“ನಮ್ಮನೆ ಪುಟ್ಟಿ,” ಎಂದಳು. ದನಿ ಒಡೆದಿತ್ತು, ಆದರೆ ಬಾಗಿಲವರೆಗೂ ಕೇಳಿಸಿತು. “ಇವರು ನಮ್ಮಮ್ಮ.”

ಹೊರಗೆ ವ್ಯಾನ್ ಬಂದು ನಿಂತ ಸದ್ದಾಯಿತು.

“ಹೌದಾ? ಇದರಲ್ಲಿ ನೀವೆಲ್ಲಿದ್ದೀರಿ?” ಎಂದು ಮಗು ಪುಟವನ್ನು ಅವಳ ಮುಂದೆ ಹಿಡಿಯಿತು.

ಅವಳು ಪೇಪರ್ ರಾಶಿಯ ಮೇಲೆ ಬೆರಳಿಟ್ಟಳು.

“ಅಲ್ಲಲ್ಲ ಕಣೇ,” ಎಂದಳು ಅಮ್ಮ. “ಅಲ್ಲಿ ಗಾಳಿ ಬಡೀತಿತ್ತು. ನಿನ್ನನ್ನ ಈ ಮೂಲೇಲಿ ಪೇಪರ್ ಹಾಕಿ ಮಲಗಿಸ್ತಿದ್ದೆ, ನನ್ನ ಕಣ್ಣೆದುರಿಗೆ.” ತಗಡಿನ ಗೀರುಗಳಿದ್ದ ತನ್ನ ಕೈಯಲ್ಲಿ ಮಗಳ ಬೆರಳು ಹಿಡಿದು, ಚಿತ್ರದ ಮೇಲೆ ಮೆಲ್ಲಗೆ ಆ ಮೂಲೆಯವರೆಗೆ ನಡೆಸಿಕೊಂಡು ಹೋದಳು.