ತೊಗರಿ ಪಂಪಿನ ಎಣ್ಣೆ ಮತ್ತು ದತ್ತಪ್ಪನ ದೋಣಿ

ದತ್ತಪ್ಪನ ದೋಣಿಯ ಮೋಟರು ದಂಡೆಯಲ್ಲಿ ಎಂದೂ ಕೈಕೊಟ್ಟಿರಲಿಲ್ಲ. ಹಗ್ಗ ಎಳೆದರೆ ಸಾಕು, ಗುರ್ರೆಂದು ಚಾಲೂ ಆಗುತ್ತಿತ್ತು. ಅದು ಕೈಕೊಡುತ್ತಿದ್ದುದು ನಡುನೀರಿನಲ್ಲಿ, ಬಲೆ ಎತ್ತಲು ವೇಗ ಇಳಿಸಿದಾಗ. ಹಳೆಯ ಟು-ಸ್ಟ್ರೋಕ್ ಮೋಟರು, ಇಷ್ಟೇ ಇದರ ಹಣೆಬರಹ ಎಂದು ಅವನು ಸುಮ್ಮನಿದ್ದ.

ಕಮಲಾಪುರದ ಆಚೆಯ ಹಿನ್ನೀರಿನಲ್ಲಿ ಅವನು ಮೀನು ಹಿಡಿಯುತ್ತಾನೆ. ಅವನು ಮೋಟರು ನೋಡಿಕೊಂಡರೆ ಹೆಂಡತಿ ಭುವನೇಶ್ವರಿ ಬಲೆ ಎಳೆಯುತ್ತಾಳೆ. ಅವಳಿಗೆ ಈಜು ಬರುವುದಿಲ್ಲ. ತೊಗರಿ ಹೂ ಬಿಡುವ ಕಾಲಕ್ಕೆ ದತ್ತಪ್ಪ ಪೆಟ್ರೋಲಿನಿಂದ ನಡೆಯುವ ಪಂಪು ಬೆನ್ನಿಗೆ ಕಟ್ಟಿಕೊಂಡು ಮಹಾಗಾಂವದ ಹೊಲಗಳಲ್ಲಿ ಔಷಧ ಹೊಡೆಯಲು ಹೋಗುತ್ತಾನೆ. ಆ ಪಂಪಿಗೆಂದು ಎಣ್ಣೆ ಬೆರೆಸಿದ ಪೆಟ್ರೋಲು ಪ್ರತಿ ವರ್ಷ ಡಬ್ಬಿಯಲ್ಲಿ ಉಳಿಯುತ್ತಿತ್ತು. ಉಳಿದದ್ದೆಲ್ಲ ದೋಣಿಗೆ.

"ಪಂಪೂ ಟು-ಸ್ಟ್ರೋಕ್, ಮೋಟರೂ ಟು-ಸ್ಟ್ರೋಕ್. ಬ್ಯಾರೆ ಎಣ್ಣಿ ಯಾಕ ಬೇಕ?" ಎಂಬುದು ಅವನ ವಾದ. ಕೇಳಿದವರೂ ಹೌದೆಂದು ತಲೆಯಾಡಿಸುತ್ತಿದ್ದರು.

ಒಂದು ಸಂಜೆ ಬಲೆ ಎತ್ತುತ್ತಿದ್ದಾಗ ಗಾಳಿ ಎದ್ದಿತು, ಮೋಟರು ನಿಂತಿತು. ದತ್ತಪ್ಪ ಅಂಗೈ ಸುಲಿಯುವ ತನಕ ಹಗ್ಗ ಎಳೆದ. ಮೋಟರು ಇದ್ದ ಮೇಲೆ ಹುಟ್ಟು ಯಾಕೆಂದು ಅದನ್ನು ಈ ಜಾಣ ಮನೆಯಲ್ಲೇ ಬಿಟ್ಟು ಬಂದಿದ್ದ. ದೋಣಿ ಗಾಳಿಗೆ ಅಡ್ಡ ತಿರುಗಿತು. ಒಳಗೆ ನುಗ್ಗಿದ ನೀರನ್ನು ಭುವನೇಶ್ವರಿ ಡಬ್ಬಿಯಿಂದ ಗೋರಿ ಗೋರಿ ಚೆಲ್ಲಿದಳು. ಸ್ವಲ್ಪ ದೂರದಲ್ಲಿದ್ದ ಮೈಬೂಬ ಎಂಬ ಇನ್ನೊಬ್ಬ ಮೀನುಗಾರ ಬಂದು ತನ್ನ ದೋಣಿಗೆ ಕಟ್ಟಿ ಎಳೆದು ತಂದ.

ದಂಡೆಗೆ ಇಳಿದವಳೇ ಭುವನೇಶ್ವರಿ ಡಬ್ಬಿಯನ್ನು ಗಂಡನ ಕಾಲ ಬಳಿ ಎಸೆದಳು. "ನಾ ಇನ್ನ ಈ ದೋಣಿ ಹತ್ತಂಗಿಲ್ಲ. ನೀರಾಗ ಬಿದ್ದಿದ್ರ ನನ್ನ ಯಾರ್ ತಗೀತಿದ್ರು? ನೀ ಹಗ್ಗ ಎಳಕೋತ ಕುಂತಿದ್ದಿ!"

"ಮೋಟರ್ ಹಳೇದಾಗ್ಯಾದ, ನಾ ಏನ್ ಮಾಡ್ಲಿ?"

"ಮೋಟರ್ ಹಳೇದು ಖರೇ. ನಿನ್ನ ತಲಿನೂ ತುಕ್ಕ ಹಿಡದದೇನ?"

ಮೈಬೂಬ ನಡುವೆ ಬಾಯಿ ಹಾಕಿದ: "ಜಗಳ ಆಮ್ಯಾಲ ಮಾಡ್ರಿ. ಪ್ಲಗ್ ಬಿಚ್ಚಕೊಂಡು ಕಲಬುರಗಿಗಿ ಹೋಗ್ರಿ. ಅಲ್ಲಿ ಜಗತ್ ಸರ್ಕಲ್‌ದಾಗ ಅಫ್ಶೀನ್ ಅಕ್ಕನ ಅಂಗಡಿ ಅದ. ನನ್ನ ಮೋಟರ್ ದಾರಿಗಿ ತಂದಾಕಿ ಅಕೀನೇ."

ಮರುದಿನ ದತ್ತಪ್ಪ ಹೊರಟ. ಇವನೊಬ್ಬನೇ ಹೋದರೆ ಅರ್ಧಂಬರ್ಧ ಕೇಳಿಕೊಂಡು ಬರುತ್ತಾನೆಂದು ಭುವನೇಶ್ವರಿಯೂ ಬಸ್ಸು ಹತ್ತಿದಳು. ಅಫ್ಶೀನ್ ಮೋಟರು ಬಿಡಿಭಾಗಗಳ ವ್ಯಾಪಾರಿ. ಡಿಪ್ಲೊಮಾ ಓದಿದಾಕೆ, ಅದನ್ನು ಹೇಳಿಕೊಳ್ಳಲು ನಾಚುವವಳಲ್ಲ. ಕರಿ ಹಿಡಿದ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದಳು.

"ಇದೇನ್ ಪ್ಲಗ್ಗೋ, ಒಲಿ ಮ್ಯಾಲಿನ ಬೋಗುಣಿಯೋ? ಯಾವ ಎಣ್ಣಿ ಹಾಕಾಕತ್ತೀರಿ?"

ದತ್ತಪ್ಪ ತೊಗರಿ ಪಂಪಿನ ಡಬ್ಬಿಯ ಕಥೆಯನ್ನೂ ಬಲೆ ಎತ್ತುವಾಗ ಮೋಟರು ನಿಲ್ಲುವುದನ್ನೂ ಹೇಳಿದ.

"ಯಾ ಅಲ್ಲಾ! ನೋಡ್ರಿ ಭಾಯ್, ಆ ಪಂಪು ಗಾಳಿಗಿ ತಂಪಾಗ್ತದ, ಭಾಳ ಕಾಯ್ತದ. ಅದರ ಎಣ್ಣಿ ಆ ಕಾವಿಗಿ ಮಾಡಿದ್ದು. ದೋಣಿ ಮೋಟರ್ ನೀರ ಎಳಕೊಂಡು ತಂಪಾಗ್ತದ. ನೀವು ಬಲಿ ಎತ್ತುವಾಗ ನಿಧಾನ ತಿರಗ್ತದ. ಆಗ ಪಂಪಿನ ಎಣ್ಣಿ ಬೂದಿ ಆಗಿ ಪ್ಲಗ್ಗಿಗಿ ಕೂಡ್ತದ. ಕಿಡಿ ಹಾರಂಗಿಲ್ಲ. ಮೋಟರ್ ಬಂದ್."

"ಹಂಗಾದ್ರ ಕಾರಿಗಿ ಹಾಕೋ ಛಲೋ ಎಣ್ಣಿ ಕೊಡ್ರಿ. ತುಟ್ಟಿ ಆದ್ರೂ ನಡೀತದ."

"ಬಿಲ್ಕುಲ್ ಬ್ಯಾಡ್ರಿ! ಕಾರಿನ ಎಣ್ಣಿ ಇಂಜಿನ್ನಿನ ತಳದಾಗ ಇದ್ದು ತಿರಗಾಡ್ತದ. ನಿಮ್ಮದ್ರಾಗ ಎಣ್ಣಿ ಪೆಟ್ರೋಲ್ ಜೋಡಿ ಸುಟ್ಟು ಹೋಗ್ತದ. ಅದಕ್ಕ ಇದು ಬೇಕು." ಅವಳು ಒಂದು ಡಬ್ಬಿ ತೆಗೆದಿಟ್ಟಳು. "ಇಲ್ಲಿ ಟಿಸಿ-ಡಬ್ಲ್ಯೂ3 ಅಂತ ಬರದದ. ನೀರಿಂದ ತಂಪಾಗೋ ಟು-ಸ್ಟ್ರೋಕ್ ದೋಣಿ ಮೋಟರಿನ ಎಣ್ಣಿ ಅಂದ್ರ ಇದು."

ದತ್ತಪ್ಪ ಮುಚ್ಚಳ ತೆಗೆದು ಇಣುಕಿದ. "ಇದೂ ನೀಲೀನ ಅದ, ನಮ್ಮ ಪಂಪಿಂದೂ ನೀಲಿ."

"ಬಣ್ಣ ಯಾರ್ ಬೇಕಾದ್ರೂ ಹಾಕ್ತಾರ್ರಿ. ಮ್ಯಾಲ ಬರದಿದ್ದು ಓದ್ರಿ."

"ಹಳೇ ಮೋಟರ್ ಅಂತ ಇಂವ ಕೈಗಿ ಬಂದಂಗ ಎಣ್ಣಿ ಸುರೀತಾನ್ರಿ," ಎಂದಳು ಭುವನೇಶ್ವರಿ.

"ಹೆಚ್ಚಾದ್ರ ಪ್ಲಗ್ ಕರಿ ಹಿಡೀತದ. ಕಡಿಮಿ ಆದ್ರ ಪಿಸ್ಟನ್ ಕಚ್ಕೋತದ. ಒಂದ್ ಲೀಟರ್ ಪೆಟ್ರೋಲಿಗಿ ಇಪ್ಪತ್ತು ಎಂ.ಎಲ್. ಬೇಕಾಗೋ ಮೋಟರ್ ಭಾಳ ಅವ. ಕೆಲವು ಹಳೇವಕ್ಕ ಅದರ ಎರಡರಷ್ಟು ಬೇಕು. ಅಂದಾಜ ಮಾಡಬ್ಯಾಡ್ರಿ. ಮಾಡೆಲ್ ಹೇಳ್ರಿ, ಕಂಪನಿಯವ್ರು ಏನ್ ಹೇಳ್ಯಾರ ನೋಡ್ತೀನಿ."

ನೋಡಿದಳು. ಇವರ ಮೋಟರಿಗೆ ಇಪ್ಪತ್ತೇ. ಹೊಸ ಪ್ಲಗ್ಗು, ಅಳತೆಯ ಲೋಟ ಕೊಟ್ಟು ಇನ್ನೊಂದು ಮಾತು ಸೇರಿಸಿದಳು: "ಟ್ಯಾಂಕಿನಾಗಿನ ಹಳೇದು ತಗದುಬಿಡ್ರಿ. ಈಗಿನ ಪೆಟ್ರೋಲಿನಾಗ ಇಥೆನಾಲ್ ಇರ್ತದ, ಭಾಳ ದಿನ ಇಟ್ರ ನೀರ ಎಳಕೋತದ. ಬೇಕಾದಷ್ಟೇ ಬೆರಸ್ರಿ, ಛಲೋ ಅಲ್ಲಾಡಸ್ರಿ. ಬೆರಸಾಕ ಔಷಧ ಹೊಡೆಯೋ ಡಬ್ಬಿ ಮಾತ್ರ ಮುಟ್ಟಬ್ಯಾಡ್ರಿ."

ಎಲ್ಲವನ್ನೂ ಹಾಗೇ ಮಾಡಿದರು. ಹುಟ್ಟು ದೋಣಿಯಲ್ಲಿ ಇರುವುದನ್ನು ಕಣ್ಣಾರೆ ನೋಡಿ, ಹೊಸ ಲೈಫ್ ಜಾಕೆಟ್ ತೊಟ್ಟ ಮೇಲೆಯೇ ಭುವನೇಶ್ವರಿ ಕಾಲಿಟ್ಟಳು. ನಡುನೀರಿಗೆ ಬಂದು ದತ್ತಪ್ಪ ವೇಗ ಇಳಿಸಿದ. ಮೋಟರು ನಿಧಾನವಾಗಿ, ತಪ್ಪದೆ ತಿರುಗುತ್ತಿತ್ತು. ಅವನು ಮೀಸೆಯಲ್ಲೇ ನಕ್ಕ.

"ಬಂದ್ ಮಾಡು," ಎಂದಳು ಅವಳು.

"ಹುಚ್ಚ ಹಿಡದದೇನ? ಛಲೋ ಓಡಾಕತ್ತದಲ್ಲ!"

"ಓಡೋವಾಗ ನಂಗ ಅಂಜಿಕಿ ಇಲ್ಲ. ಬಂದ್ ಮಾಡು."

ಅವನು ಬಂದ್ ಮಾಡಿದ. ಸುತ್ತಲೂ ನೀರು, ದಂಡೆ ದೂರ. ಗಾಳಿ ದೋಣಿಯನ್ನು ನಿಧಾನಕ್ಕೆ ತಿರುಗಿಸತೊಡಗಿತು. ಭುವನೇಶ್ವರಿ ಕುಳಿತಲ್ಲೇ ಜರುಗಿ ಮೋಟರಿನ ಹತ್ತಿರ ಬಂದಳು, ಗಂಡನ ಕೈ ಸರಿಸಿದಳು, ಹಲ್ಲು ಕಚ್ಚಿ ತಾನೇ ಹಗ್ಗ ಎಳೆದಳು.

ಮೋಟರು ಚಾಲೂ ಆಯಿತು. ಅವಳು ಹಿಂದೆ ಸರಿದು ಬಲೆಗೆ ಕೈ ಹಾಕಿದಳು.

ದೋಣಿ ನಡೆಸುವವರೇ, ಇದನ್ನು ಓದಿ ಮಡಚಿಡುವ ಮೊದಲು ನಿಮ್ಮ ಎಣ್ಣೆ ಡಬ್ಬಿಯ ಮೇಲೆ ಏನು ಬರೆದಿದೆ ನೋಡಿ. ನೀರಿನಿಂದ ತಂಪಾಗುವ ಹಳೆಯ ಟು-ಸ್ಟ್ರೋಕ್ ಮೋಟರಿಗೆ ಟಿಸಿ-ಡಬ್ಲ್ಯೂ3 ಎಣ್ಣೆಯನ್ನೇ, ಕಂಪನಿ ಹೇಳಿದ ಅಳತೆಯಲ್ಲೇ ಹಾಕಿ. ದೋಣಿಯಲ್ಲಿ ನಿಮ್ಮ ಎದುರಿಗೆ ಕೂರುವವರು ನಿಮ್ಮನ್ನು ನಂಬಿ ಕೂತಿರುತ್ತಾರೆ.