ಕುದುರೆಯ ಹಿಂದೆ ಬಂದವಳು

ನನ್ನ ಗಂಡ ಆಲ್ಬಿನ್ ಯುದ್ಧದಲ್ಲಿ ಒಂದು ಕುದುರೆಯನ್ನು ಕೊಂದ. ಮನುಷ್ಯರನ್ನು ಕೊಂದನೋ ಇಲ್ಲವೋ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಆದರೆ ಆ ಕುದುರೆಯ ಕಥೆ ಮಾತ್ರ ನಮ್ಮ ಹೋಟೆಲಿನ ಮೂಲೆಯ ಮೇಜಿನಲ್ಲಿ ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು.

ತಿಂಗಳಿಗೊಂದು ಶನಿವಾರ ಸೈನ್ಯದಲ್ಲಿ ಅವನ ಡಿವಿಷನ್ನಿನವರು ಆ ಮೇಜಿಗೆ ಬರುತ್ತಿದ್ದರು. ಜರ್ಮನಿಯ ನಮ್ಮ ಮೈನ್ ನದಿಯ ಎರಡೂ ದಡದ ಊರುಗಳಿಂದ ಒಟ್ಟಿಗೆ ಹೊರಟವರಲ್ಲಿ ಅರ್ಧಕ್ಕರ್ಧವೂ ಹಿಂದಿರುಗಲಿಲ್ಲ; ಉಳಿದು ಬಂದ ಗಂಡಸರು ಇವರು. ಈಗ ಒಬ್ಬ ಬೇಕರಿಯವನು, ಒಬ್ಬ ಅಂಚೆಯವನು, ಒಬ್ಬ ದ್ರಾಕ್ಷಿ ತೋಟದವನು. ಮನೆಯಲ್ಲಿ ಹೆಂಡತಿಯ ಮುಂದೆ ತುಟಿ ಬಿಚ್ಚದವರೆಲ್ಲ ನನ್ನ ಹೊಸಿಲು ದಾಟಿದ ಕೂಡಲೇ ಸಿಪಾಯಿಗಳಾಗುತ್ತಿದ್ದರು. ಎರಡನೇ ಲೋಟ ಖಾಲಿಯಾಗುವ ಹೊತ್ತಿಗೆ ಬೇಕರಿಯ ಗುಸ್ತಲ್ ಶುರುಮಾಡುತ್ತಿದ್ದ.

"ಆಲ್ಬಿನ್, ನಿನ್ನ ಲೋಟ್ಟೆ ಕಥೆ ಹೇಳೋ ಮಾರಾಯ. ನಾವು ಅತ್ತು ತುಂಬಾ ದಿನ ಆಯ್ತು."

ಆಲ್ಬಿನ್ ಹೇಳುತ್ತಿದ್ದ. ಅವನು ಡಿವಿಷನ್ನಿನಲ್ಲಿ ಸರಂಜಾಮಿನ ಗಾಡಿ ಹೊಡೆಯುತ್ತಿದ್ದವನು. ಕ್ರಿಮಿಯಾದಲ್ಲಿ ಕೊನೆಯ ದಿನಗಳು, ಮುಂದೆ ರಷ್ಯದವರು, ಬೆನ್ನಿಗೆ ಸಮುದ್ರ. ಹಡಗುಗಳಲ್ಲಿ ಮನುಷ್ಯರಿಗೇ ಜಾಗವಿಲ್ಲ. ಕುದುರೆಗಳು ಶತ್ರುವಿಗೆ ಸಿಗಬಾರದೆಂದು ಕಡಿದಾದ ದಂಡೆಯ ಮೇಲೆ ಸಾಲಾಗಿ ನಿಲ್ಲಿಸಿ ಗುಂಡು ಹಾರಿಸಲು ಅಪ್ಪಣೆಯಾಯಿತು. ತನ್ನ ಕುದುರೆ ಲೋಟ್ಟೆಯನ್ನು ಬೇರೆಯವರ ಕೈಗೆ ಕೊಡಲಾರದೆ ಆಲ್ಬಿನ್ ತಾನೇ ಹೊಡೆದ. ಅಷ್ಟು ಹೇಳುವಷ್ಟರಲ್ಲಿ ಮೇಜಿನ ಸುತ್ತ ಎಲ್ಲರ ಮೂಗೂ ಕೆಂಪಾಗಿರುತ್ತಿತ್ತು. ನಾನೂ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಿದ್ದೇನೆ. ಒಳ್ಳೆಯ ಮನಸ್ಸಿನವನನ್ನು ಕಟ್ಟಿಕೊಂಡೆ ಎಂದು ಹೆಮ್ಮೆಪಟ್ಟಿದ್ದೇನೆ.

ಅವನು ಬದುಕಿ ಬಂದದ್ದು ಕ್ಯಾಪ್ಟನ್ ಕೆಸ್ಲರ್ ಅವರಿಂದ. ಅದೇ ದಂಡೆಯಲ್ಲಿ, ಕೊನೆಯ ದೋಣಿಗಳಲ್ಲೊಂದಕ್ಕೆ ಆಲ್ಬಿನ್‌ನ ಕಾಲರು ಹಿಡಿದು ತಮ್ಮ ಜಾಗಕ್ಕೆ ಅವನನ್ನು ತಳ್ಳಿದರು. ತಾವು ದಡದಲ್ಲೇ ಉಳಿದು ಸೆರೆ ಸಿಕ್ಕರು. ವರ್ಷಗಳ ಮೇಲೆ ರಷ್ಯದಿಂದ ಹಲ್ಲುದುರಿ ಮರಳಿದಾಗ ಸ್ಟೇಷನ್ನಿನಲ್ಲಿ ಅವರನ್ನು ಗುರುತಿಸಲೂ ಆಲ್ಬಿನ್‌ಗೆ ಆಗಲಿಲ್ಲವಂತೆ. ಈಗ ಅವರು ಶಾಲೆಯ ಹೆಡ್‌ಮಾಸ್ತರು. ನಮ್ಮ ಮನೆಯಲ್ಲಿ ಅವರಿಗೆ ಇಲ್ಲ ಎಂಬ ಮಾತೇ ಇರಲಿಲ್ಲ.

ಡಿವಿಷನ್ನಿನ ಇತಿಹಾಸ ಬರೆಯುವ ಕೆಲಸವನ್ನು ತಲೆಯ ಮೇಲೆ ಹೊತ್ತವರೂ ಅವರೇ. ನಕ್ಷೆಗಳು, ಬಾಣದ ಗುರುತುಗಳು, ಸತ್ತವರ ಹೆಸರುಗಳು ಅವರ ಪಾಲು. ಮಧ್ಯೆ ಮಧ್ಯೆ ಬದುಕಿರುವ ಒಬ್ಬೊಬ್ಬರೂ ತಮ್ಮದೊಂದು ನೆನಪು ಬರೆದುಕೊಡಬೇಕು, ಪುಸ್ತಕ ಬಂದ ದಿನ ಎದ್ದು ನಿಂತು ತಮ್ಮ ಪುಟವನ್ನು ತಾವೇ ಓದಬೇಕು ಎಂದು ಡಿವಿಷನ್ನಿನವರ ಸಂಘದಲ್ಲಿ ತೀರ್ಮಾನವಾಗಿತ್ತು. ಆಲ್ಬಿನ್ ಏನು ಬರೆಯುತ್ತಾನೆಂದು ಯಾರೂ ಕೇಳಲಿಲ್ಲ. ಲೋಟ್ಟೆಯ ಕಥೆಯಲ್ಲದೆ ಇನ್ನೇನು?

ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಕ್ಯಾಪ್ಟನ್ ಆಲ್ಬಿನ್‌ನ ಹಾಳೆಗಳನ್ನು ಹಿಡಿದುಕೊಂಡು ಬಂದರು.

"ಚೆನ್ನಾಗಿ ಬರ್ದಿದೀಯ ಆಲ್ಬಿನ್. ಆದ್ರೆ ಈ ಮಧ್ಯದ ಭಾಗ ಬೇಡ."

"ಯಾವ್ದು ಸಾರ್?"

"ಯಾವ್ದು ಅಂತ ನಿಂಗೇ ಗೊತ್ತು. ಆ ಹೆಂಗಸಿಂದು."

ನಾನು ಲೋಟ ಒರೆಸುತ್ತಿದ್ದೆ. ಹೆಂಗಸು ಎಂದ ಕೂಡಲೇ ಕೈ ನಿಂತಿತು. ಯಾವ ಹೆಂಡತಿಯ ಕೈ ತಾನೆ ನಿಲ್ಲುವುದಿಲ್ಲ?

"ಯಾವ ಹೆಂಗಸು?" ಎಂದೆ.

ಕ್ಯಾಪ್ಟನ್ ನನ್ನ ಕಡೆ ತಿರುಗಿ ನಕ್ಕುಬಿಟ್ಟರು. "ನೀನು ಅಂದ್ಕೊಂಡ ಹಾಗಲ್ಲ ಕುನಿ."

"ಹಾಗಿದ್ದಿದ್ರೆ ವಾಸಿ ಇತ್ತು," ಎಂದ ಆಲ್ಬಿನ್. ನನ್ನ ಕಡೆ ನೋಡದೆ ಹೇಳಿದ. "ಲೋಟ್ಟೆ ನನ್ನ ಕುದುರೆ ಅಲ್ಲ ಕಣೇ. ನಂದು ಸತ್ತುಹೋಗಿತ್ತು. ಸೋತು ಹಿಂದಕ್ಕೆ ಬರೋವಾಗ ಊರೂರಿನ ದನ ಕುದುರೆ ಎಲ್ಲಾ ಹೊಡ್ಕೊಂಡು ಬನ್ನಿ, ಮನೆಗಳಿಗೆ ಬೆಂಕಿ ಇಡಿ ಅಂತ ಆರ್ಡರ್ ಆಗಿತ್ತು. ಒಂದು ಹೆಂಗಸಿನ ಕೊಟ್ಟಿಗೆಯಿಂದ ಬಿಚ್ಕೊಂಡು ಬಂದೆ."

"ಇಷ್ಟು ಸಲ ಹೇಳಿದೀಯ. ಒಂದು ಸಲಾನೂ ಇದು ಬರ್ಲಿಲ್ವಲ್ಲ," ಎಂದೆ.

"ಬಾಯಲ್ಲಿ ಹೇಳುವಾಗ ದಾಟ್ಕೊಂಡು ಹೋಗ್ಬಹುದು. ಬರೆಯೋಕೆ ಕೂತ್ರೆ ಆಗಲ್ಲ. ಕುದುರೆ ಎಲ್ಲಿಂದ ಬಂತು ಅಂತ ಮೊದಲ್ನೇ ಸಾಲೇ ಕೇಳತ್ತೆ."

ಕ್ಯಾಪ್ಟನ್ ಹಾಳೆಗಳನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಒತ್ತಿ ನೇರಮಾಡಿದರು. "ಈ ಪುಸ್ತಕಾನ ಯಾರು ಓದ್ತಾರೆ ಹೇಳು. ಫ್ರಾವ್ ಜೋಬೆಲ್ ಓದ್ತಾರೆ. ಯುದ್ಧದಲ್ಲಿ ಇಬ್ರು ಗಂಡುಮಕ್ಕಳನ್ನ ಕಳ್ಕೊಂಡ ತಾಯಿ. ನಿಮ್ಮ ಮಕ್ಕಳು ಬಡವರ ಮನೆ ಸುಟ್ರು ಅಂತ ನಾನೇ ಅಚ್ಚು ಹಾಕ್ಸಿ ಅವರ ಕೈಗೆ ಕೊಡ್ಲಾ?"

"ಸುಟ್ಟಿದ್ದು ನಿಜ ತಾನೆ ಸಾರ್."

"ನಿಜ ಅಂತ ನಂಗೊತ್ತಿಲ್ವಾ?"

"ಹಾಗಾದ್ರೆ ನಂದು ಪೂರ್ತಿ ತೆಗೆದುಬಿಡಿ. ಇದ್ರೆ ಇಡೀ ಇರ್ಲಿ, ಇಲ್ದಿದ್ರೆ ಏನೂ ಬೇಡ."

"ಲೋಟ್ಟೆ ಇಲ್ದೆ ಪುಸ್ತಕ ಬಂದ್ರೆ ಊರೆಲ್ಲ ಯಾಕೆ ಅಂತ ಕೇಳತ್ತೆ." ಕ್ಯಾಪ್ಟನ್ ಹಾಳೆಗಳ ಮೇಲಿಂದ ಕೈ ತೆಗೆದರು. "ಇದೊಂದು ನಂಗೋಸ್ಕರ ಬಿಟ್ಟುಬಿಡು ಆಲ್ಬಿನ್."

ದೋಣಿಯ ಮಾತನ್ನು ಅವರು ಎತ್ತಲಿಲ್ಲ. ಅಷ್ಟು ವರ್ಷದಲ್ಲಿ ಒಂದು ದಿನವೂ ಎತ್ತಿದವರಲ್ಲ. ಅದಕ್ಕೇ ಆಲ್ಬಿನ್‌ಗೆ ಇಲ್ಲ ಎನ್ನಲಾಗಲಿಲ್ಲ. ತಲೆ ತಗ್ಗಿಸಿ ಕೂತ. ಒಪ್ಪಿದ ಎಂದುಕೊಂಡು ಕ್ಯಾಪ್ಟನ್ ಹಾಳೆಗಳನ್ನು ಮಡಚಿಕೊಂಡು ಹೋದರು. ನಾನೂ ಹಾಗೆಯೇ ಅಂದುಕೊಂಡೆ. ನನಗೆ ಸಿಟ್ಟು ಬಂತು. ಅಷ್ಟು ದಿನ ಹೇಳದವನ ಮೇಲೋ, ಈಗ ಹೇಳದೆ ಬಿಟ್ಟವನ ಮೇಲೋ ಗೊತ್ತಾಗಲಿಲ್ಲ. ಸಂಜೆಯ ಆಲೂಗಡ್ಡೆಯ ಮೇಲೆ ತೀರಿಸಿಕೊಂಡೆ.

ವಸಂತದಲ್ಲಿ ಪುಸ್ತಕ ಬಂತು. ಭಾನುವಾರ ಚರ್ಚು ಮುಗಿಸಿ ಎಲ್ಲರೂ ನಮ್ಮ ಮಹಡಿಯ ಹಾಲ್‌ನಲ್ಲಿ ಸೇರಿದರು. ಗಂಡಸರು, ಅವರ ಹೆಂಡತಿಯರು, ವಿಧವೆಯರು, ಮಕ್ಕಳನ್ನು ಕಳೆದುಕೊಂಡ ತಾಯಂದಿರು. ಫ್ರಾವ್ ಜೋಬೆಲ್ ಮುಂದಿನ ಸಾಲಿನಲ್ಲಿ, ಕಪ್ಪು ಕೋಟಿನಲ್ಲಿ. ಒಬ್ಬೊಬ್ಬರ ಕೈಗೂ ಒಂದೊಂದು ಪ್ರತಿ. ಒಬ್ಬರು ನಿಂತು ಓದುವಾಗ ಉಳಿದವರು ಚರ್ಚಿನಲ್ಲಿ ಹಾಡಿನ ಪುಸ್ತಕ ಹಿಡಿದವರ ಹಾಗೆ ಸಾಲಿನ ಕೆಳಗೆ ಬೆರಳಾಡಿಸುತ್ತಿದ್ದರು. ಗುಸ್ತಲ್ ತಾನು ಹಿಮದಲ್ಲಿ ರೊಟ್ಟಿ ಸುಟ್ಟದ್ದನ್ನು ಓದಿ ಎಲ್ಲರನ್ನೂ ನಗಿಸಿದ. ಆಮೇಲೆ ಆಲ್ಬಿನ್ ಎದ್ದ. ನಾನು ಸಾಸೇಜಿನ ತಟ್ಟೆಗಳನ್ನು ಹಿಡಿದು ಬಾಗಿಲಲ್ಲೇ ನಿಂತೆ.

ಮೊದಲ ಸಾಲುಗಳು ಅಚ್ಚಿನಲ್ಲಿದ್ದಂತೆಯೇ ಇದ್ದವು. ಬಯಲು, ಕೆಸರು, ಅವನ ಹಳೆಯ ಕುದುರೆ ಬಿದ್ದು ಸತ್ತದ್ದು. ಅಲ್ಲಿಂದ ಪುಸ್ತಕದಲ್ಲಿ ನೇರ ಕ್ರಿಮಿಯಾ ಬರುತ್ತದೆ. ಆಲ್ಬಿನ್ ಪುಟದಿಂದ ಕಣ್ಣು ತೆಗೆಯದೆ, ಧ್ವನಿಯನ್ನೂ ಬದಲಿಸದೆ, ಬೇರೆಯದನ್ನು ಓದತೊಡಗಿದ. ಮೊದಲೇ ನಿರ್ಧರಿಸಿದ್ದನೋ, ಬಾಯಿ ತಾನಾಗಿ ಆ ಕಡೆ ಹೋಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಕೊಟ್ಟಿಗೆಯಿಂದ ಬಿಚ್ಚಿ ತಂದು ಗಾಡಿಗೆ ಕಟ್ಟಿದೆ. ಲೋಟ್ಟೆ ಎಂದು ಹೆಸರಿಟ್ಟೆ. ಅದಕ್ಕೆ ಮೊದಲೇ ಹೆಸರಿತ್ತು. ಆ ಹೆಂಗಸು ಗಾಡಿಯ ಹಿಂದೆ ನಡೆಯುತ್ತಾ ದಿನವಿಡೀ ಅದನ್ನೇ ಕೂಗುತ್ತಿದ್ದಳು, ಜೋರ್ಕಾ, ಜೋರ್ಕಾ ಎಂದು. ನನ್ನನ್ನು ಬೈಯಲಿಲ್ಲ, ಬೇಡಿಕೊಳ್ಳಲಿಲ್ಲ. ಅವಳು ಕೂಗಿದಾಗಲೆಲ್ಲ ಕುದುರೆಯ ಕಿವಿ ಹಿಂದಕ್ಕೆ ತಿರುಗುತ್ತಿತ್ತು. ಅವಳ ಬೆನ್ನಿಗೆ ನಾವು ಬೆಂಕಿಯಿಟ್ಟ ಊರು ಉರಿಯುತ್ತಿತ್ತು. ಸೇತುವೆಯ ಹತ್ತಿರ ಕಾವಲಿನವರು ಅವಳನ್ನು ತಡೆದರು. ನಾನು ತಿರುಗಿ ನೋಡಲಿಲ್ಲ."

ಹಾಲ್‌ನಲ್ಲಿ ಹಾಳೆ ಮಗುಚುವ ಸದ್ದು. ಬೆರಳುಗಳು ದಾರಿ ತಪ್ಪಿದ್ದವು. ಒಬ್ಬರು ಮುಂದಿನ ಪುಟ ನೋಡಿದರು, ಒಬ್ಬರು ಹಿಂದಿನದು, ಒಬ್ಬರು ಪಕ್ಕದವರ ಪ್ರತಿಗೆ ಇಣುಕಿದರು. ಗುಸ್ತಲ್ ಮಾತ್ರ ಪುಸ್ತಕ ಮುಚ್ಚಿ ನೆಲ ನೋಡುತ್ತಿದ್ದ.

"ಕ್ರಿಮಿಯಾದ ದಂಡೆಯ ಮೇಲೆ ಗುಂಡಿನ ಸದ್ದಿಗೆ ಬೆದರಿ ಅದು ನಿಲ್ಲಲಿಲ್ಲ. ಲೋಟ್ಟೆ ಎಂದು ಕರೆದೆ, ಬರಲಿಲ್ಲ. ಕೊನೆಗೆ ಜೋರ್ಕಾ ಎಂದೆ. ಹತ್ತಿರ ಬಂದು ಸುಮ್ಮನೆ ನಿಂತಿತು. ಆಗ ಹೊಡೆದೆ."

ಯಾರೂ ಅಳಲಿಲ್ಲ. ನನಗೂ ಅಳು ಬರಲಿಲ್ಲ.

ಫ್ರಾವ್ ಜೋಬೆಲ್ ಕನ್ನಡಕ ಸರಿಮಾಡಿಕೊಂಡರು. "ಆಲ್ಬಿನ್, ಇದು ಯಾವ ಪುಟದಲ್ಲಿದೆಯಪ್ಪ? ನಂಗೆ ಸಿಗ್ತಾ ಇಲ್ಲ."

ಆಲ್ಬಿನ್ ತನ್ನ ಕೈಯ ಪುಸ್ತಕ ಮುಚ್ಚಿದ. ಸುಳ್ಳು ಹೇಳಲು ಅವನಿಗೆ ಆಗಲಿಲ್ಲ. ತನ್ನ ಜೀವ ಉಳಿಸಿದವರನ್ನು ಊರಿನ ಮುಂದೆ ಬಿಟ್ಟುಕೊಡಲೂ ಆಗಲಿಲ್ಲ. ಅವನು ಅಲ್ಲಿ ನಿಂತಿದ್ದ ರೀತಿ ನೋಡಿ, ತಟ್ಟೆಗಳನ್ನು ಬೇಕೆಂದೇ ಕೆಳಗೆ ಬೀಳಿಸಲೇ ಎಂದು ಯೋಚಿಸಿದೆ. ಅಷ್ಟರಲ್ಲಿ ಕ್ಯಾಪ್ಟನ್ ಕೆಸ್ಲರ್ ಎದ್ದರು.

"ಪುಸ್ತಕದಲ್ಲಿಲ್ಲ ಅಮ್ಮ. ತೆಗೆದಿದ್ದು ನಾನು."

"ಯಾಕೆ?"

"ನೀವು ಓದ್ತೀರಲ್ಲ, ಅದಕ್ಕೆ."

ಹಿಂದಿನ ಸಾಲಿನಲ್ಲಿ ಇಬ್ಬರು ಕುರ್ಚಿ ಸರಿಸಿ ಹೊರಗೆ ಹೋದರು. ಮೆಟ್ಟಿಲಿನ ಮೇಲೆ ಅವರ ಬೂಟಿನ ಸದ್ದು ನಿಲ್ಲುವವರೆಗೂ ಫ್ರಾವ್ ಜೋಬೆಲ್ ಕಾದರು.

"ಬೆಂಕಿ ಇಟ್ಟೋರಲ್ಲಿ ನನ್ನ ಮಕ್ಕಳೂ ಇದ್ರಾ?"

ಆಲ್ಬಿನ್ ಏನೋ ಹೇಳಹೊರಟ. ಕ್ಯಾಪ್ಟನ್ ಕೈಯೆತ್ತಿ ಅವನನ್ನು ತಡೆದರು. "ದೊಡ್ಡೋನು ಅಷ್ಟರಲ್ಲಿ ತೀರ್ಕೊಂಡಿದ್ದ. ಚಿಕ್ಕೋನು, ಎವಾಲ್ಡ್, ಇದ್ದ. ಆರ್ಡರ್ ಕೊಟ್ಟಿದ್ದು ನಾನು."

"ಎವಾಲ್ಡಾ?" ಫ್ರಾವ್ ಜೋಬೆಲ್ ಮಡಿಲಲ್ಲಿದ್ದ ಪುಸ್ತಕದ ಮೇಲೆ ಎರಡೂ ಕೈ ಇಟ್ಟುಕೊಂಡರು. "ಸೋಮಾರಿ ಅವನು. ಮನೇಲಿ ಒಲೆ ಹಚ್ಚೋ ಅಂದ್ರೆ ಹತ್ತು ಸಲ ಕೂಗ್ಬೇಕಿತ್ತು ನಾನು." ತಲೆಯೆತ್ತಿ ಕ್ಯಾಪ್ಟನ್ನರನ್ನು ನೋಡಿದರು. "ನೀವು ಎಷ್ಟು ಸಲ ಹೇಳ್ಬೇಕಾಯ್ತು?"

ಕ್ಯಾಪ್ಟನ್ ಮುಖ ತಿರುಗಿಸಲಿಲ್ಲ.

"ಒಂದೇ ಸಲ ಅಮ್ಮ," ಎಂದರು.